ಶಾಂತಯ್ಯನ ನೀರುನಾಯಿ

ಶಾಂತಯ್ಯನ ಕೈಯಲ್ಲಿ ಪಾಸಾದವರು ಧಾರವಾಡದಲ್ಲಿ ಯಾರೂ ಇರಲಿಲ್ಲ. ಹಾಲು ಹಾಕುವವನಿಗೆ ಅಳತೆ ಗೊತ್ತಿಲ್ಲ, ಕ್ಷೌರದವನಿಗೆ ಕತ್ತರಿ ಹಿಡಿಯಲು ಬರುವುದಿಲ್ಲ, ಮೂಲೆಯ ದವಾಖಾನೆಯ ಡಾಕ್ಟರಿಗೆ ಯಕೃತ್ತು ಯಾವ ಮಗ್ಗುಲಿಗಿದೆ ಎಂಬುದೇ ಅನುಮಾನ. ಸಪ್ತಾಪುರದ ಬಾಡಿಗೆ ಖೋಲಿಗಳಲ್ಲಿ ಕುಳಿತು ಪರೀಕ್ಷೆಗೆ ಓದುವ ಹುಡುಗರನ್ನು ಕಂಡರಂತೂ ಅವನ ಮೂಗಿನ ಹೊಳ್ಳೆ ತಾನಾಗಿಯೇ ಅರಳುತ್ತಿತ್ತು.

“ಕಪ್ಪಿಗೆ ಎಷ್ಟು ಹಲ್ಲು ಅಂತ ಬಾಯಿಪಾಠ ಮಾಡತಾವ. ಒಂದರ ಕಪ್ಪಿ ಬಾಯಿ ತಗದು ನೋಡ್ಯಾವೇನು?” ಎಂದು ಕಟ್ಟೆಯ ಮೇಲೆ ಕುಳಿತು ಅವರಿಗೆ ಕೇಳುವಷ್ಟು ಜೋರಾಗಿಯೇ ಹೇಳುತ್ತಿದ್ದ.

ಹೆಂಡತಿ ನಾಗರತ್ನಾ ಒಮ್ಮೆ ಬೇಸತ್ತು ಕೇಳಿದಳು: “ಈ ಊರಾಗ ನಿಮಗ ಮನುಷ್ಯಾ ಅಂತ ಕಂಡಾಂವ ಒಬ್ಬರ ಅದಾನೇನ್ರಿ?”

“ಒಬ್ಬಾಂವ ಇದ್ದ. ಮಜೀದ ಚಾಚಾ. ಸತ್ತ.”

ಶಾಂತಯ್ಯ ಹುಟ್ಟಿದ್ದು ಮಾಳಮಡ್ಡಿಯ ಅಯ್ಯನವರ ಮನೆಯಲ್ಲಿ. ತಂದೆ ಮನೆಮನೆಗೆ ಹೋಗಿ ಲಿಂಗಧಾರಣೆ, ಮದುವೆ, ಮನೆ ತುಂಬಿಸುವ ಕಾರ್ಯ ಮಾಡಿಸುತ್ತಿದ್ದವರು. ಹಾದಿಯಲ್ಲಿ ಸಿಕ್ಕವರು ಚಪ್ಪಲಿ ಬಿಟ್ಟು ಅವರ ಕಾಲು ಮುಟ್ಟುತ್ತಿದ್ದರು. ಮಗನಿಗೂ ಅದೇ ಮರ್ಯಾದೆ ಕಾದಿತ್ತು. ಅವನು ಅದನ್ನು ಒದ್ದು, ಇಪ್ಪತ್ಮೂರನೆಯ ವಯಸ್ಸಿಗೆ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿ ಸೇರಿದ. ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಅಬ್ದುಲಮಜೀದ ಎಂಬ ಒಣಕಲು ಮುದುಕ. ಸತ್ತ ಹಕ್ಕಿಯ ಎದೆಯ ಮೇಲೆ ಬ್ಲೇಡಿನಿಂದ ಒಂದೇ ಗೆರೆ ಎಳೆದು, ಒಂದು ಗರಿಯೂ ಮುದುಡದಂತೆ, ಕೂಸಿನ ಅಂಗಿ ಬಿಚ್ಚಿದ ಹಾಗೆ ಚರ್ಮ ಬಿಡಿಸುತ್ತಿದ್ದರು. ಒಳಗೆ ತಂತಿ, ಹತ್ತಿ, ಮರದ ಹೊಟ್ಟು. ಕೊನೆಗೆ ಗಾಜಿನ ಕಣ್ಣು ಕೂರಿಸಿದರೆ ಆ ಹಕ್ಕಿ ಈಗಲೋ ಆಗಲೋ ಹಾರುತ್ತದೆ ಎಂಬಂತೆ ಟೊಂಗೆಯ ಮೇಲೆ ಬಾಗಿ ನಿಲ್ಲುತ್ತಿತ್ತು. ಮೊದಲ ದಿನ ಅದನ್ನು ಕಂಡ ಶಾಂತಯ್ಯ ಮಧ್ಯಾಹ್ನದ ಬುತ್ತಿಯನ್ನೇ ಮರೆತ.

ಅವನೂ ಆ ಕೆಲಸಕ್ಕೆ ಕೈ ಹಾಕಿದ್ದು ಮನೆಯಲ್ಲಿ ಗೊತ್ತಾದಾಗ ತಾಯಿ ಹಿತ್ತಲಲ್ಲಿ ನೀರಿನ ಹಂಡೆ ಇಟ್ಟಳು. ಮೈ ತೊಳೆಯದೆ ಮಗ ಒಳಗೆ ಬರುವಂತಿರಲಿಲ್ಲ. ಭಕ್ತರು ಪಾದಪೂಜೆಗೆ ಕರೆಯುವುದನ್ನು ಬಿಟ್ಟರು. ಸೋದರಮಾವನೊಬ್ಬ ಮದುವೆ ಪಂಕ್ತಿಯಲ್ಲೇ, “ಸತ್ತದ್ದರ ಚರ್ಮ ಸುಲಿಯೋ ಅಯ್ಯ ಬಂದಾನ, ಸರಕೊಂಡು ಕುಂದರ್ರಿ,” ಎಂದ.

ಶಾಂತಯ್ಯ ಎಲೆಯಿಂದ ಏಳಲಿಲ್ಲ. “ಮಾವಾ, ನೀವು ಸತ್ತವರ ಮನ್ಯಾಗ ಉಣ್ಣಾಕ ಹೋಗ್ತೀರಿ. ನಾ ಸತ್ತದ್ದನ್ನ ಎಬ್ಬಿಸಿ ನಿಂದರಸ್ತೇನಿ. ಯಾರದು ದೊಡ್ಡ ಕೆಲಸ?” ಎಂದು ಕೇಳಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ತಿರಸ್ಕಾರವನ್ನು ಅವನು ಕಲಿತದ್ದು ಹೀಗೆ, ತನ್ನ ತಟ್ಟೆಗೆ ಬಡಿಸಿದ್ದನ್ನೇ ತಿರುಗಿ ಬಡಿಸುತ್ತ. ಕಾಲೇಜಿನಲ್ಲಿ ಅದಕ್ಕೆ ಒಳ್ಳೆಯ ಗೊಬ್ಬರ ಸಿಕ್ಕಿತು. ಎಳೆ ಲೆಕ್ಚರರ್ ಆಗಿ ಬಂದ ನೀಲಕಂಠಪ್ಪನವರು ಎದೆಯುಬ್ಬಿಸಿ ಪಾಠ ಮಾಡುವರು. ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ಅಟೆಂಡರನ ಹತ್ತಿರ ಸರಿದು, “ಶಾಂತಯ್ಯ, ಮೂರನೇದು ಯಾವ ಹಕ್ಕಿ?” ಎಂದು ಪಿಸುಗುಡುವರು. ಅವನು ಹೇಳುತ್ತಿದ್ದ. ಅವರು ಬರೆದುಕೊಳ್ಳುತ್ತಿದ್ದರು. ಮುಂದೆ ಅವರು ಡಾಕ್ಟರೇಟ್ ಪಡೆದರು, ವಿಭಾಗದ ಮುಖ್ಯಸ್ಥರಾದರು. ಇವನು ಹಿರಿಯ ಅಟೆಂಡರ್ ಆದ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಅವರಿಗೆ ಶಾಲು, ಹಾರ, ಅಭಿನಂದನ ಗ್ರಂಥ. ಇವನಿಗೆ ಒಂದು ಗೋಡೆ ಗಡಿಯಾರ. ಅದು ಎರಡೇ ತಿಂಗಳಿಗೆ ನಿಂತಿತು.

ಹೋದ ಡಿಸೆಂಬರಿನಲ್ಲಿ ಸಪ್ತಾಪುರದ ಮುಂಜಾನೆಯ ವಾಕಿಂಗ್ ಬಳಗದವರು ಕರಿಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸ ಗೊತ್ತುಮಾಡಿದರು. ಬಳಗದ ಅಧ್ಯಕ್ಷರು ನೀಲಕಂಠಪ್ಪನವರೇ. ಗಂಡನನ್ನು ಕೇಳಿದರೆ ಆಗುವ ಮಾತಲ್ಲವೆಂದು ನಾಗರತ್ನಾ ತಾನೇ ಇಬ್ಬರ ಹೆಸರು ಬರೆಸಿದಳು. “ಹುಲಿ ಕಾಣಂಗಿಲ್ಲ, ಕಂಡ್ರೂ ಈ ಮಂದಿ ಮಾರಿ ನೋಡಿ ಓಡಿ ಹೋಗತೈತಿ,” ಎಂದು ಗೊಣಗುತ್ತಲೇ ಶಾಂತಯ್ಯ ಟೆಂಪೊ ಹತ್ತಿದ.

ನಾಲ್ಕು ತಾಸಿನ ಹಾದಿ. ಕೊನೆಯ ಒಂದು ತಾಸು ಡಾಂಬರೂ ಇರಲಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇರಲಿಲ್ಲ. ದಾರಿಯುದ್ದಕ್ಕೂ ನೀಲಕಂಠಪ್ಪನವರು ಕಿಟಕಿಯಿಂದ ಕೈ ತೋರಿಸಿ ಹಕ್ಕಿಗಳ ಹೆಸರು ಹೇಳಿದರು. ಹನ್ನೊಂದು ಹಕ್ಕಿಗಳಲ್ಲಿ ಏಳು ತಪ್ಪು. ಶಾಂತಯ್ಯ ಬೆರಳು ಮಡಿಸುತ್ತ ಹೋದ, ತಿದ್ದಲಿಲ್ಲ. ತಿದ್ದುವುದೂ ಒಂದು ಮರ್ಯಾದೆಯೇ, ಅದನ್ನು ಇವರಿಗೆ ಯಾಕೆ ಕೊಡಬೇಕು?

“ಅಲ್ಲೆ ನಿಮಗೊಂದು ಆಶ್ಚರ್ಯ ಅದ, ಶಾಂತಯ್ಯ,” ಎಂದರು ನೀಲಕಂಠಪ್ಪನವರು, ಹಿಂದಕ್ಕೆ ತಿರುಗಿ ನಗುತ್ತ. “ನೋಡಿದ್ರ ಖುಷಿ ಆಗ್ತೀರಿ.”

ಖುಷಿಯಾಗುವ ವಿಷಯವನ್ನು ಈ ಮನುಷ್ಯ ತೋರಿಸಬಲ್ಲನೆಂದು ಶಾಂತಯ್ಯನಿಗೆ ಅನಿಸಲಿಲ್ಲ.

ಉದ್ಯಾನದ ಬಾಗಿಲಲ್ಲಿ ಪ್ರವಾಸಿಗರ ಮಾಹಿತಿ ಕೇಂದ್ರವಿತ್ತು. ತಗಡಿನ ಮಾಡು, ಎರಡು ಕೋಣೆ, ಮುಂದೆ ಸಿಮೆಂಟಿನ ಒಂದು ಜಿಂಕೆ. ಆ ಜಿಂಕೆಗೆ ಮೇಕೆಯ ಮೋರೆ, ಎಮ್ಮೆಯ ಕಾಲು. ಒಳಗೆ ಪ್ಲಾಸ್ಟಿಕ್ ಎಲೆಗಳ ಮರ, ಅದರ ಮೇಲೆ ಜಾತ್ರೆಯಲ್ಲಿ ಮಾರುವಂಥ ಪ್ಲಾಸ್ಟಿಕ್ ಗಿಳಿ. ಗೋಡೆಯ ಫ್ಲೆಕ್ಸಿನಲ್ಲಿ ಬೇರೆ ಯಾವುದೋ ದೇಶದ ಹುಲಿ ಹಿಮದಲ್ಲಿ ನಿಂತಿತ್ತು. ‘ಗುಂಡಿ ಒತ್ತಿ, ಹಕ್ಕಿಯ ಕೂಗು ಕೇಳಿ’ ಎಂಬ ಹಲಗೆಯ ಕೆಳಗೆ ಆರು ಗುಂಡಿಗಳಿದ್ದವು. ಶಾಂತಯ್ಯ ಆರನ್ನೂ ಒತ್ತಿದ. ಒಂದರಿಂದ ಮಾತ್ರ ಕೂಗು ಬಂತು, ಅದೂ ಊರ ಕೋಳಿಯ ಹಾಗೆ ಕೇಳಿಸಿತು.

“ಸರ್ಕಾರದ ರೊಕ್ಕಾ ತಿಂದ ಕೋಳಿ, ಕೂಗಲೇಬೇಕಲ್ಲ,” ಎಂದ.

ಅಲ್ಲಿ ಕೆಲಸಕ್ಕಿದ್ದವಳು ಸಾವಕ್ಕ ಎಂಬ ಮೂವತ್ತೈದರ ಹೆಂಗಸು. ಕಲಘಟಗಿ ಕಡೆಯವಳು, ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಟಿಕೆಟ್ ಹರಿಯುವುದು, ಬಂದವರಿಗೆ ವಿವರಣೆ ಹೇಳುವುದು ಎಲ್ಲ ಅವಳದೇ. ಖಾಕಿ ಅಂಗಿಯ ಮೇಲೆ ಸೀರೆಯ ಸೆರಗು ಹೊದ್ದು, ಎಲ್ಲಿಯೂ ಉಸಿರು ಬಿಡದೆ ಬಾಯಿಪಾಠ ಒಪ್ಪಿಸಿದಳು. “ಈ ಉದ್ಯಾನವನದಲ್ಲಿ ನೂರಾ ತೊಂಬತ್ತು ಜಾತಿಯ ಪಕ್ಷಿಗಳೂ ಮೂವತ್ತೆರಡು ಜಾತಿಯ ಸಸ್ತನಿಗಳೂ…”

“ಸಸ್ತನಿ ಅಂದ್ರ ಏನವಾ?” ಎಂದು ಶಾಂತಯ್ಯ ನಡುವೆ ಕೇಳಿದ.

“ಅದು ಗೊತ್ತಿಲ್ಲರಿ. ಕಾಗದದಾಗ ಬರದು ಕೊಟ್ಟಾರ.”

ಗೊತ್ತಿಲ್ಲ ಎಂದು ಸಲೀಸಾಗಿ ಹೇಳಿದವರನ್ನು ಶಾಂತಯ್ಯ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಆದರೂ ಮೂಗು ಮುರಿದು ಮುಂದೆ ಹೋದ.

ಎರಡನೆಯ ಕೋಣೆಯ ಬಾಗಿಲ ಮೇಲೆ ‘ಮುಟ್ಟಿ ನೋಡಿ’ ಎಂದು ಬಣ್ಣದಲ್ಲಿ ಬರೆದಿತ್ತು. ಗಬ್ಬೂರ ಕಡೆಯ ಯಾವುದೋ ಸಾಲಿಯ ಮಕ್ಕಳು ಬಸ್ಸಿನಲ್ಲಿ ಬಂದಿದ್ದರು. ಅವರ ಗದ್ದಲ ಒಳಗಿನಿಂದ ಕೇಳುತ್ತಿತ್ತು. ನೀಲಕಂಠಪ್ಪನವರು ಬಾಗಿಲಲ್ಲೇ ನಿಂತು ಕೈ ಚಾಚಿದರು. “ಇದೇ ನೋಡ್ರಿ ಆಶ್ಚರ್ಯ! ನಮ್ಮ ಮ್ಯೂಸಿಯಮ್ಮು! ಕಾಲೇಜಿನ್ಯಾಗ ಬೀಗಾ ಹಾಕಿ ಇಟ್ಟಿದ್ರು. ನಾನೇ ಓಡಾಡಿ ಇಲ್ಲೆ ಕೊಡಿಸೇನಿ. ಮಕ್ಕಳು ಮುಟ್ಟಿ ಕಲೀಬೇಕು, ಅದು ಹೊಸ ಶಿಕ್ಷಣ.”

ಗೋಡೆಗೆ ಅಂಟಿಸಿದ ಕಲ್ಲಿನ ಫಲಕದಲ್ಲಿ ‘ಕೊಡುಗೆ: ಡಾ. ನೀಲಕಂಠಪ್ಪ ಮತ್ತು ಮಿತ್ರರು’ ಎಂದಿತ್ತು.

ಶಾಂತಯ್ಯ ಒಳಗೆ ನೋಡಿದ. ಮೇಜಿನ ಮೇಲೆ ಕೆಂದಳಿಲು. ಪಕ್ಕದಲ್ಲಿ ಕೊಕ್ಕಿನ ಬಣ್ಣ ಹೋದ ಮಂಗಟ್ಟೆ, ಎರಡು ಗೂಬೆ, ಒಂದು ಮುಂಗುಸಿ, ಮೂರು ಸಣ್ಣ ಹಕ್ಕಿ. ನಡುವೆ, ಹಿಂಗಾಲ ಮೇಲೆ ಎದ್ದು ಕತ್ತು ಚಾಚಿ ನಿಂತ ನೀರುನಾಯಿ. ಮೀನಿನ ಬಲೆಗೆ ಸಿಕ್ಕು ಸತ್ತಿದ್ದ ಅದನ್ನು ಸಿದ್ಧಮಾಡಲು ಅವನಿಗೂ ಚಾಚಾನಿಗೂ ಹದಿನೆಂಟು ದಿನ ಹಿಡಿದಿತ್ತು. ಎರಡು ಜಡೆಯ ಒಂದು ಹುಡುಗಿ ಈಗ ಅದರ ಕತ್ತಿಗೆ ಎರಡೂ ಕೈ ಹಾಕಿ ಕೆನ್ನೆಗೆ ಕೆನ್ನೆ ಒತ್ತಿ ನಿಂತಿದ್ದಳು. ಗೆಳತಿಯೊಬ್ಬಳು ಫೋಟೋ ಹಿಡಿಯುತ್ತಿದ್ದಳು. ಒಬ್ಬ ಹುಡುಗ ಒಂದು ಕೈಯಿಂದ ಅಳಿಲಿನ ಬಾಲ ಸವರುತ್ತ, ಇನ್ನೊಂದು ಕೈಯಿಂದ ಚುರುಮುರಿ ತಿನ್ನುತ್ತಿದ್ದ.

“ಕೈ ತಗೀರಿ!”

ಅರವತ್ತೊಂಬತ್ತರ ಮುದುಕನ ಗಂಟಲಿನಿಂದ ಅಂಥ ಕೂಗು ಬರಬಹುದೆಂದು ನಾಗರತ್ನಾಳಿಗೂ ಗೊತ್ತಿರಲಿಲ್ಲ. ಶಾಂತಯ್ಯ ನುಗ್ಗಿ ಹುಡುಗಿಯನ್ನು ಎಳೆದು ಬಿಡಿಸಿದ, ಹುಡುಗನ ಕೈಯಲ್ಲಿದ್ದ ಚುರುಮುರಿಯ ಪೊಟ್ಟಣ ಕಿತ್ತು ಬಿಸಾಡಿದ. “ಎಲ್ಲಾರೂ ಹೊರಗ ನಡೀರಿ! ಬಾಯಿಗೆ ಕೈ ಹಚ್ಚಬ್ಯಾಡ್ರಿ! ನಳಾ ಎಲ್ಲೈತಿ? ಸಾಬಾನು ಹಚ್ಚಿ ತೊಳಕೊಳ್ರಿ, ಮಾರಿನೂ ತೊಳಕೊಳ್ರಿ!”

ಮಕ್ಕಳು ಹೆದರಿ ಹೊರಗೆ ಓಡಿದರು. ಅವರ ಹಿಂದೆ ಮಾಸ್ತರರೂ ಓಡಿದರು. ಶಾಂತಯ್ಯ ಕೋಣೆಯ ಬಾಗಿಲೆಳೆದು, ಬೀಗಕ್ಕೆ ನೇತುಬಿದ್ದಿದ್ದ ಕೀಲಿ ತಿರುವಿ, ಅದನ್ನು ಜೇಬಿಗಿಳಿಸಿದ.

“ಇದೇನ್ರಿ ಹುಚ್ಚಾಟ?” ನೀಲಕಂಠಪ್ಪನವರ ಮುಖ ಕೆಂಪಾಗಿತ್ತು. “ಮಂದಿ ಮುಂದ ಮರ್ಯಾದಿ ತಗೀಲಿಕ್ಕೆ ಬಂದೀರೇನು?”

“ಸರ, ಆ ಚರ್ಮದ ಒಳಗ ಏನು ಸವರೇವಿ, ನಿಮಗ ಗೊತ್ತೈತೇನು?”

“ಏನೋ ಒಂದು ಸಾಬಾನು.”

“ಏನೋ ಒಂದು!” ಶಾಂತಯ್ಯನ ನಗು ಉಗುಳಿದ ಹಾಗಿತ್ತು. “ಮೂವತ್ತು ವರ್ಷ ವಿಭಾಗದಾಗ ಇದ್ರಿ. ಶಂಖಪಾಷಾಣರಿ ಸರ. ಸಾಬಾನು, ಕರ್ಪೂರ, ಸುಣ್ಣ ಹಾಕಿ ಗಡಿಗ್ಯಾಗ ಕುದಿಸಿ, ಹುಳ ಹತ್ತಬಾರದು ಅಂತ ಒಳಮಗ್ಗಲಾ ಪೂರ್ತಿ ಸವರತಿದ್ವಿ. ನಿಮ್ಮ ಭಾಷೆದಾಗ ಆರ್ಸೆನಿಕ್.”

“ಅದು ನಲವತ್ತು ವರ್ಷದ ಹಿಂದಿನ ಮಾತು. ಇಷ್ಟೊತ್ತಿಗೆ ಎಲ್ಲಾ ಹೋಗಿರ್ತದ.”

“ಆರ್ಸೆನಿಕ್ಕೇನು ಪೆನ್ಶನ್ ತಗೊಂಡು ಮನಿಗೆ ಹೋಗತೈತೇನ್ರಿ?”

ಬಳಗದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀಲಕಂಠಪ್ಪನವರಿಗೆ ಅದೇ ಹೆಚ್ಚು ಚುಚ್ಚಿತು. ಅಟೆಂಡರನಿಗೆ ತಲೆ ಕೆಟ್ಟಿದೆ, ತನ್ನ ಹೆಸರು ಫಲಕದ ಮೇಲೆ ಇಲ್ಲವೆಂದು ಹೊಟ್ಟೆಕಿಚ್ಚು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕೀಲಿ ಕೊಡಿರಿ ಎಂದು ಕೈ ಚಾಚಿದರು. ಶಾಂತಯ್ಯ ಕೊಡಲಿಲ್ಲ. ಸಿಮೆಂಟಿನ ಜಿಂಕೆಯ ಪಕ್ಕದ ಕಟ್ಟೆಯ ಮೇಲೆ ಕುಳಿತು, ಇಲಾಖೆಯ ಸಾಹೇಬರು ಬರುವ ತನಕ ಏಳುವುದಿಲ್ಲವೆಂದ. ಒಂದು ತಾಸು ಕಾದು, ಬೈದು, ಬಳಗದವರು ಜಲಪಾತ ನೋಡಲು ಹೊರಟುಹೋದರು. ನಾಲ್ಕರ ಹೊತ್ತಿಗೆ ಟೆಂಪೊ ಅವನನ್ನು ಬಿಟ್ಟು ಧಾರವಾಡಕ್ಕೆ ತಿರುಗಿತು. ನಾಗರತ್ನಾ ಅದನ್ನು ಹತ್ತಿರಲಿಲ್ಲ. ತನ್ನ ಚೀಲವನ್ನು ಇಳಿಸಿಕೊಂಡು ಬಂದು ಗಂಡನ ಪಕ್ಕ ಕುಳಿತಿದ್ದಳು.

ಸಾವಕ್ಕ ಚಹಾ ತಂದುಕೊಟ್ಟಳು. ಕಪ್ಪು ತೆಗೆದುಕೊಳ್ಳುವಾಗ ಶಾಂತಯ್ಯ ಅವಳ ಅಂಗೈ ನೋಡಿದ. ಚರ್ಮ ದಪ್ಪಗಟ್ಟಿ, ಅಲ್ಲಲ್ಲಿ ಕಾಳಿನಂತೆ ಗಂಟಾಗಿ, ಬೆರಳ ಸಂದಿಯಲ್ಲಿ ಸೀಳು ಬಿಟ್ಟಿತ್ತು. ಅವನು ಕಪ್ಪನ್ನು ಕಟ್ಟೆಯ ಮೇಲಿಟ್ಟ.

“ಯಾವಾಗಿಂದ ಹಿಂಗ ಆಗೈತಿ?”

“ವರ್ಷದ ಮ್ಯಾಲಾತ್ರಿ ಕಾಕಾ. ಕಸಬರಗಿ ಹಿಡದು ಆಗೈತಿ ಅಂತ ಎಣ್ಣಿ ಹಚ್ಕೋತೇನಿ.”

“ಆ ಪ್ರಾಣಿ ಧೂಳಾ ನೀನ ಒರಸ್ತೀಯೇನು?”

“ದಿನಾ ಒರಸ್ತೇನ್ರಿ. ಬರೇ ಕೈಲೆ. ನೀರುನಾಯಿ ಹೊಟ್ಟಿ ಬಿಚ್ಚಿತ್ತು. ನಾನ ಸೂಜಿ ದಾರ ತಂದು ಹೊಲದೇನಿ. ಒಳಗಿನ ಬಿಳಿ ಪುಡಿ ಉದರತಿತ್ತು, ಅದನ್ನ ತಿರುಗಿ ಒಳಗ ತುಂಬಿದೆ.”

ಅಬ್ದುಲಮಜೀದರ ಅಂಗೈ ಕೊನೆಗಾಲದಲ್ಲಿ ಹೀಗೆಯೇ ಇತ್ತು. ಆ ಮೇಲೆ ಗಾಯಗಳಾದವು. ಆ ಮೇಲೆ ಅವರು ಮ್ಯೂಸಿಯಂಗೆ ಬರುವುದನ್ನು ಬಿಟ್ಟರು. ಅವರು ತಯಾರಿಸಿದ ಪ್ರತಿ ಪ್ರಾಣಿಯ ಪೀಠದ ಕೆಳಗೆ ಕೆಂಪು ಬಣ್ಣದಲ್ಲಿ ‘ವಿಷ’ ಎಂದು ಬರೆಯುತ್ತಿದ್ದರು, ಮುಂದೊಂದು ಕೆಂಪು ಚೀಟಿ ಅಂಟಿಸುತ್ತಿದ್ದರು. ಅವರು ಹೋದ ಮೇಲೆ ಒಮ್ಮೆ ತಪಾಸಣೆಯ ಸಮಿತಿ ಬರುವುದಿತ್ತು. ಕೆಂಪು ಚೀಟಿ ಕಂಡರೆ ಸಮಿತಿಯವರು ಏನಂದಾರು, ಕಿತ್ತು ಹಾಕಿ, ಪೀಠಕ್ಕೆ ಹೊಸ ಬಣ್ಣ ಹೊಡಿ ಎಂದರು ನೀಲಕಂಠಪ್ಪನವರು. ಶಾಂತಯ್ಯ ಒಂದು ಮಾತೂ ಆಡದೆ ಕಿತ್ತಿದ್ದ. ತನ್ನ ಕೈಯಾರೆ, ಒಂದೇ ದಿನದಲ್ಲಿ, ಎಲ್ಲವನ್ನೂ ಕಿತ್ತು, ವಾರ್ನಿಷ್ ಹೊಡೆದು ಹೊಳೆಯುವಂತೆ ಮಾಡಿದ್ದ. ತನಗೆ ಗೊತ್ತಿದ್ದರೆ ಸಾಕು, ಈ ಮಂದಬುದ್ಧಿಗಳಿಗೆ ಹೇಳಿ ಏನಾಗಬೇಕು ಎಂದುಕೊಂಡಿದ್ದ.

“ವಿಷ ಅಂತ ಬರೀಬೇಕಾಗಿತ್ತು. ಅವರು ಬ್ಯಾಡ ಅಂದ್ರು, ನಾ ಬರೀಲಿಲ್ಲ,” ಎಂದು ಸಾವಕ್ಕನಿಗೆ ಹೇಳಿದ. “ಅಂವಾ ತಿಳೀಲಾರದ ಮೂರ್ಖ. ನಾ ತಿಳದ ಮೂರ್ಖ. ನನ್ನಂಥಾ ಲುಚ್ಚಾ ಮಂದಿ ಭಾಳ ಇರೂದಿಲ್ಲ, ನೋಡವಾ.”

ನಾಗರತ್ನಾ ಗಂಡನ ಮುಖ ನೋಡಿದಳು. ನಲವತ್ತು ವರ್ಷದ ಸಂಸಾರದಲ್ಲಿ ಅವನು ತನ್ನನ್ನು ತಾನೇ ಬೈದುಕೊಂಡದ್ದನ್ನು ಅವಳು ಕೇಳಿರಲಿಲ್ಲ.

ದಿನದ ತಪಾಸಣೆಗೆಂದು ಸಂಜೆ ಐದಕ್ಕೆ ಜೀಪಿನಲ್ಲಿ ಬಂದ ಸಾಹೇಬ ಚಿಕ್ಕ ವಯಸ್ಸಿನವನು. ಅರ್ಧ ಕೇಳಿದ, ಅರ್ಧ ಮೊಬೈಲ್ ನೋಡಿದ. ಸಿಗ್ನಲ್ ಇಲ್ಲದ ಮೊಬೈಲಿನಲ್ಲಿ ಏನು ನೋಡುತ್ತಾನೋ ಎಂದು ಶಾಂತಯ್ಯನಿಗೆ ಸಿಟ್ಟು ಬಂತು. ಕೊನೆಗೆ ಸಾಹೇಬ, “ಲಿಖಿತದಾಗ ಕೊಡ್ರಿ ಅಜ್ಜಾ, ವಿಚಾರ ಮಾಡೋಣ,” ಎಂದ. ಒಂದು ಉಪಕಾರವನ್ನು ಮಾತ್ರ ಮಾಡಿದ: ವರದಿ ಬರುವ ತನಕ ಕೋಣೆಗೆ ಬೀಗ ಇರಲಿ ಎಂದು ಒಪ್ಪಿಕೊಂಡ. ಹಾಗೆ ಒಪ್ಪಿಕೊಂಡದ್ದೂ ಕೀಲಿ ಹೇಗೂ ಈ ಮುದುಕನ ಜೇಬಿನಿಂದ ಹೊರಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ.

ಆ ರಾತ್ರಿ ಸಾವಕ್ಕನ ಮನೆಯಲ್ಲೇ ಉಂಡು ಮಲಗಿದರು. ಮರುದಿನ ಹೊರಡುವ ಮುನ್ನ ಶಾಂತಯ್ಯ ಮೂಗಿಗೆ ವಸ್ತ್ರ ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒದ್ದೆ ಹತ್ತಿಯಿಂದ ಒಂದೊಂದೇ ಪ್ರಾಣಿಯ ಮೈ ಒರೆಸಿ, ಆ ಹತ್ತಿಯನ್ನು ಬಿಡಿಬಿಡಿಯಾಗಿ ಔಷಧದ ಖಾಲಿ ಬಾಟಲಿಗಳಲ್ಲಿ ಹಾಕಿಕೊಂಡ. ಸಾವಕ್ಕ ಬಾಗಿಲಲ್ಲಿ ನಿಂತು ಪ್ರತಿ ಬಾಟಲಿಗೆ ಹೆಸರು ಬರೆದಳು. ಅವಳ ಅಕ್ಷರ ದುಂಡಗಿದ್ದವು. ನೀರುನಾಯಿಯ ಹೊಟ್ಟೆಯ ಹೊಲಿಗೆಯನ್ನು ಅವನು ಬಗ್ಗಿ ನೋಡಿದ. ಸಣ್ಣ ಟಾಕು, ಒಂದೇ ಅಳತೆ, ಎಲ್ಲಿಯೂ ರೋಮ ಸಿಕ್ಕಿಕೊಂಡಿರಲಿಲ್ಲ.

“ಯಾರು ಕಲಿಸಿದ್ರು?”

“ಯಾರೂ ಇಲ್ಲರಿ. ಕೌದಿ ಹೊಲೀತೇನಿ.”

“ಹೂಂ,” ಎಂದ ಶಾಂತಯ್ಯ. ಅವನ ಬಾಯಿಂದ ಅಷ್ಟು ಹೊರಟದ್ದೇ ಹೆಚ್ಚು.

ಬಾಟಲಿಗಳನ್ನು ಹಿಡಿದು ಧಾರವಾಡದಲ್ಲಿ ಮೂರು ಕಡೆ ಅಲೆದ. ಒಬ್ಬರು ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದರು. ಇನ್ನೊಬ್ಬರು ಅವನನ್ನು ಹೊರಗೆ ಕೂರಿಸಿ ಮರೆತೇ ಹೋದರು. ಕೊನೆಗೆ ಹುಬ್ಬಳ್ಳಿಯ ಖಾಸಗಿ ಪ್ರಯೋಗಶಾಲೆಯೊಂದರಲ್ಲಿ ಕೆಲಸಕ್ಕಿದ್ದ ಗುಲ್ನಾಜ ಎಂಬ ಹುಡುಗಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, ಯಾವುದರಿಂದ, ಯಾವಾಗ, ಹೇಗೆ ತೆಗೆದಿರಿ ಎಂದು ಸರಿಯಾದ ನಾಲ್ಕು ಪ್ರಶ್ನೆ ಕೇಳಿದಳು. ಹತ್ತು ದಿನಕ್ಕೆ ವರದಿ ಬಂತು. ಒಂಬತ್ತು ಬಾಟಲಿಗಳಲ್ಲಿ ಎಂಟರಲ್ಲಿ ಆರ್ಸೆನಿಕ್ ಇತ್ತು. ನೀರುನಾಯಿಯದು ಎಲ್ಲಕ್ಕಿಂತ ಹೆಚ್ಚು.

ವರದಿಯ ಪ್ರತಿಗಳನ್ನು ಶಾಂತಯ್ಯ ಇಲಾಖೆಗೆ, ಕಾಲೇಜಿಗೆ, ಆ ಮಕ್ಕಳ ಸಾಲಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ. ನೀಲಕಂಠಪ್ಪನವರ ಮನೆಗೆ ತಾನೇ ಹೋಗಿ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದು, “ಕೂಡ್ರಿ ಶಾಂತಯ್ಯ, ಚಹಾ ತಗೋರಿ,” ಎಂದರು. ಇವನು ಕೂರಲಿಲ್ಲ. ಎರಡು ವಾರಕ್ಕೆ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಹಳೆಯ ಪ್ರಾಣಿ ಮಾದರಿಗಳಲ್ಲಿ ವಿಷವಿರುತ್ತದೆಂದೂ, ಲೇಖಕರು ತಮ್ಮ ದೀರ್ಘ ಅನುಭವದಿಂದ ಅದನ್ನು ಗುರುತಿಸಿದರೆಂದೂ ಅದರಲ್ಲಿತ್ತು. ನಾಗರತ್ನಾ ಓದಿ ಉರಿದುಬಿದ್ದಳು. ಶಾಂತಯ್ಯ ಮಾತ್ರ ಸಾವಧಾನವಾಗಿ ಕೊನೆಯ ತನಕ ಓದಿದ. “ಆರ್ಸೆನಿಕ್ ಅಂತ ಬರಿಯೂದ್ರಾಗೂ ಒಂದು ಅಕ್ಷರ ತಪ್ಪು ಮಾಡ್ಯಾನ,” ಎಂದ.

ಮಕ್ಕಳಿಗೆ ಏನೂ ಆಗಿರಲಿಲ್ಲ. ಒಂದು ದಿನದ ಮುಟ್ಟುವಿಕೆಯಿಂದ ಏನೂ ಆಗುವುದಿಲ್ಲ ಎಂದರು ಡಾಕ್ಟರರು. ಸಾವಕ್ಕನನ್ನು ಶಾಂತಯ್ಯನೇ ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದ. ಅದರಿಂದಲೇ ಆಗಿದೆ ಎಂದು ಖಚಿತ ಹೇಳಲಾಗದು, ಆದರೆ ಇನ್ನು ಮುಟ್ಟಬೇಡ ಎಂದು ಅವರು ಮುಲಾಮು ಬರೆದುಕೊಟ್ಟರು. ಖಚಿತ ಹೇಳಲಾರದ ವಿದ್ಯೆಗೆ ಅಷ್ಟು ವರ್ಷ ಓದಬೇಕೇ ಎಂದು ಶಾಂತಯ್ಯ ಮೆಟ್ಟಿಲಿಳಿಯುವ ತನಕ ಗೊಣಗಿದ. ಬೇಸಿಗೆಯ ಹೊತ್ತಿಗೆ ಅಂಗೈಯ ಸೀಳು ಮುಚ್ಚಿದವು, ಗಂಟುಗಳು ಉಳಿದವು.

ಇಲಾಖೆಯವರು ಏಪ್ರಿಲಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿದರು. ಅದಕ್ಕೆ ಪ್ರಾಣಿಗಳನ್ನು ಇಳಿಸಲು ಗೊತ್ತಿದ್ದವನು ಇವನೊಬ್ಬನೇ ಎಂದು ಕರೆಸಿದರು. ಮೂರು ದಿನ ಕೆಲಸ ಮಾಡಿದ. ಪ್ರತಿ ಪೀಠದ ಮೇಲೂ ಗೇಣುದ್ದದ ಕೆಂಪು ಅಕ್ಷರದಲ್ಲಿ ‘ವಿಷ’ ಎಂದು ಬರೆದ. ಸಾಹೇಬ ಬಂದು ನೋಡಿ, ಅಕ್ಷರ ಸ್ವಲ್ಪ ಸಣ್ಣದಾಗಿದ್ದರೆ ಚೆಂದ ಕಾಣುತ್ತಿತ್ತು ಎಂದ. ಶಾಂತಯ್ಯ ಅವನ ಕಣ್ಣೆದುರೇ ಇನ್ನೊಂದು ಸುತ್ತು ಬಣ್ಣ ಹಚ್ಚಿ ಅಕ್ಷರ ದಪ್ಪ ಮಾಡಿದ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಿವೃತ್ತಿಗೆ ಮುಂಚಿನ ಮೂವತ್ತೈದು ವರ್ಷಗಳಲ್ಲಿ ತನ್ನ ಕೈಯಿಂದಲೂ ಚಾಚಾನ ಕೈಯಿಂದಲೂ ಎಷ್ಟು ಪ್ರಾಣಿಗಳು ಬೇರೆ ಬೇರೆ ಊರಿನ ಸಾಲಿ-ಕಾಲೇಜುಗಳಿಗೆ ಹೋಗಿದ್ದವು ಎಂದು ಅವನು ನೆನಪು ಮಾಡಿಕೊಂಡು ಕೂತ. ಹದಿನಾಲ್ಕು ಊರುಗಳಾದವು. ಈಗ ದಿನಾ ಹನ್ನೊಂದು ಗಂಟೆಗೆ ಕಟ್ಟೆಯ ಮೇಲೆ ಕುಳಿತು ಫೋನ್ ಹಚ್ಚುತ್ತಾನೆ. ಐದು ಕಡೆಯವರು ಪ್ರಾಣಿಗಳನ್ನು ಬೀಗದೊಳಗೆ ಇಟ್ಟಿದ್ದಾರೆ. ಮೂರು ಕಡೆ ನೋಡುತ್ತೇವೆ ಎಂದಿದ್ದಾರೆ. ಉಳಿದವರಲ್ಲಿ ಒಬ್ಬ ಪ್ರಿನ್ಸಿಪಾಲ ಮೊನ್ನೆ, “ಯಾರು ನೀವು? ಯಾವ ಡಾಕ್ಟರೇಟ್ ಮಾಡೀರಿ?” ಎಂದು ಕೇಳಿದ.

“ನಾ ಅಟೆಂಡರ್ ಅದೇನಿ,” ಎಂದ ಶಾಂತಯ್ಯ. “ನಿಮ್ಮ ಮೇಜಿನ ಮ್ಯಾಲಿನ ಗೂಬಿ ಹೊಟ್ಟ್ಯಾಗ ಏನೈತಿ ನನಗ ಗೊತ್ತೈತಿ. ನಿಮ್ಮ ತಲ್ಯಾಗ ಏನಿಲ್ಲ ಅನ್ನೂದೂ ಈಗ ಗೊತ್ತಾತು. ನಾಳೆ ಮತ್ತ ಫೋನ್ ಮಾಡ್ತೇನಿ.”